ಅನಿಲ, ಬಡ್ಡಿ, ರಕ್ಷಣಾ ವೆಚ್ಚ: ಯುರೋಪನ್ನು ಅರಿಯಲು ಮೂರು ಉಚಿತ ಡೇಟಾ ತಾಣಗಳ ವಿಮರ್ಶೆ

2022ರಿಂದ ಈಚೆಗೆ ಯುರೋಪಿನ ಆರ್ಥಿಕ ನೀತಿಯನ್ನು ಯುದ್ಧದಿಂದ ಬೇರ್ಪಡಿಸಿ ಓದಲು ಬರುವುದಿಲ್ಲ. ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಶುರುಮಾಡಿದ್ದು ಆ ವರ್ಷದ ಫೆಬ್ರುವರಿ 24ರಂದು. ವರ್ಷ ಮುಗಿಯುವುದರೊಳಗೆ ಅನಿಲ ಸಂಗ್ರಹಕ್ಕೆ ಕಡ್ಡಾಯ ಗುರಿ ಬಂತು, ಸೊನ್ನೆಗಿಂತ ಕೆಳಗಿದ್ದ ಬಡ್ಡಿ ಶೇ. 2ಕ್ಕೆ ಏರಿತು, ರಷ್ಯಾದ ಕಚ್ಚಾ ತೈಲ ಹಡಗಿನಲ್ಲಿ ಬರುವುದಕ್ಕೆ ನಿಷೇಧ ಬಿತ್ತು. ಇವನ್ನೆಲ್ಲ ಅಳೆಯಲು ಬೇಕಾದ ಅಂಕಿಗಳು ಪುಕ್ಕಟೆಯಾಗಿ, ಯಾರ ಅನುಮತಿಯೂ ಬೇಡದೆ ಸಿಗುತ್ತವೆ. ಇದು ಸಣ್ಣ ಸಂಗತಿಯಲ್ಲ. ಎಷ್ಟೋ ವಿಷಯಗಳಲ್ಲಿ ಇಂಥ ಮಾಹಿತಿಗೆ ದುಬಾರಿ ಚಂದಾ ಕಟ್ಟಬೇಕು.

ಇಲ್ಲಿ ನೋಡುತ್ತಿರುವುದು ಮೂರು ಸೇವೆಗಳನ್ನು. ಭೂಗತ ಅನಿಲ ಸಂಗ್ರಹದ ಲೆಕ್ಕ ಕೊಡುವ ಆಗ್ಸಿ, ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ (ಇಸಿಬಿ) ಡೇಟಾ ಪೋರ್ಟಲ್, ಮತ್ತು ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿಯಾದ ಯೂರೋಸ್ಟಾಟ್‌ನ ಡೇಟಾ ಬ್ರೌಸರ್. ಮೂರರಲ್ಲೂ ಮೊದಲು ಕಣ್ಣಿಗೆ ಬೀಳುವ ಅಂಕಿ ಸುಳ್ಳಲ್ಲ. ಆದರೆ ಅದು ಯಾವ ಪ್ರಶ್ನೆಗೆ ಉತ್ತರ ಎಂಬುದು ಅದೇ ಪುಟದಲ್ಲಿ ಇರುವುದಿಲ್ಲ. ಸುದ್ದಿಗಳಲ್ಲಿ ಕಾಣುವ ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲೇ.

ಆಗ್ಸಿ: ಐದಕ್ಕೆ ನಾಲ್ಕೂವರೆ

ಇದನ್ನು ನಡೆಸುವುದು ಬ್ರಸೆಲ್ಸ್‌ನಲ್ಲಿರುವ ಗ್ಯಾಸ್ ಇನ್‌ಫ್ರಾಸ್ಟ್ರಕ್ಚರ್ ಯುರೋಪ್ ಎಂಬ ಸಂಸ್ಥೆ. ಕೊಳವೆಮಾರ್ಗ, ಸಂಗ್ರಹಾಗಾರ, ಎಲ್‌ಎನ್‌ಜಿ (ದ್ರವೀಕರಿಸಿದ ನೈಸರ್ಗಿಕ ಅನಿಲ) ಟರ್ಮಿನಲ್ ನಡೆಸುವವರ ಸಂಘ ಅದು. ಎಲ್‌ಎನ್‌ಜಿ ಟರ್ಮಿನಲ್‌ಗಳ ಲೆಕ್ಕಕ್ಕೆ ಆಲ್ಸಿ ಎಂಬ ಸೋದರ ತಾಣವೂ ಇದೆ. ಆಗ್ಸಿಯಲ್ಲಿ 2011ರಿಂದ ದಿನವಹಿ ಅಂಕಿಗಳಿವೆ. ಆದರೆ ಆರಂಭದ ವರ್ಷಗಳಲ್ಲಿ ಎಲ್ಲ ನಿರ್ವಾಹಕರೂ ಸೇರಿರಲಿಲ್ಲ, ಹಾಗಾಗಿ ಆ ಕಾಲದ ಒಕ್ಕೂಟ ಮಟ್ಟದ ಮೊತ್ತವನ್ನು ಇಂದಿನದರ ಪಕ್ಕದಲ್ಲಿಟ್ಟು ಹೋಲಿಸಬೇಡಿ.

ದಿನದ ಲೆಕ್ಕ ಹೇಗೆಂದರೆ, ಅನಿಲದ ದಿನ ಶುರುವಾಗುವುದು ಮಧ್ಯ ಯುರೋಪಿನ ಸಮಯ ಬೆಳಿಗ್ಗೆ 6ಕ್ಕೆ, ಮುಗಿಯುವುದು ಮರುದಿನ ಬೆಳಿಗ್ಗೆ 6ಕ್ಕೆ. ಆ ಅಂಕಿ ಪ್ರಕಟವಾಗುವುದು ಅದೇ ಸಂಜೆ 7.30ಕ್ಕೆ. ರಾತ್ರಿ ಇನ್ನೊಮ್ಮೆ ಪರಿಷ್ಕರಣೆ ಆಗುತ್ತದೆ. ಸಾಲಿನ ಮೇಲೆ ಬರೆದಿರುವ ತಾರೀಕು ಅನಿಲ ದಿನ ಶುರುವಾದ ತಾರೀಕು. ಷೇರುಪೇಟೆಯ ಅಥವಾ ಅನಿಲ ದರದ ಅಂಕಿಯ ಜೊತೆ ಇದನ್ನು ಜೋಡಿಸುವವರು ಒಂದು ದಿನ ಹಿಂದುಮುಂದಾಗುವುದು ಇಲ್ಲಿಯೇ. ಪರೀಕ್ಷೆ ಸುಲಭ. ಇವತ್ತಿನ ಸಂಗ್ರಹದಿಂದ ನಿನ್ನೆಯದನ್ನು ಕಳೆಯಿರಿ, ಬಂದ ವ್ಯತ್ಯಾಸ ಇವತ್ತಿನ ನಿವ್ವಳ ತುಂಬುವಿಕೆಗೆ ಹತ್ತಿರ ಇರಬೇಕು. ಸಂಗ್ರಹ ಇರುವುದು ಟೆರಾವ್ಯಾಟ್-ಅವರ್ ಎಂಬ ಶಕ್ತಿಯ ಮಾನದಲ್ಲಿ, ತುಂಬುವಿಕೆ ಮತ್ತು ಹೊರತೆಗೆತ ಇರುವುದು ದಿನಕ್ಕೆ ಗಿಗಾವ್ಯಾಟ್-ಅವರ್‌ನಲ್ಲಿ. ಹಾಗಾಗಿ ವ್ಯತ್ಯಾಸವನ್ನು 1,000ದಿಂದ ಗುಣಿಸಲು ಮರೆಯಬೇಡಿ. ಎರಡೂ ತೀರ ದೂರ ಇದ್ದರೆ ಯಾವುದೋ ನಿರ್ವಾಹಕ ಹಳೆಯ ಅಂಕಿ ತಿದ್ದಿದ್ದಾನೆ ಎಂದರ್ಥ. ಪ್ರತಿ ಸಾಲಿಗೂ ಒಂದು ಸ್ಥಿತಿಯಕ್ಷರ ಇರುತ್ತದೆ: ಸಿ ಎಂದರೆ ದೃಢಪಟ್ಟದ್ದು, ಇ ಎಂದರೆ ಅಂದಾಜು, ಎನ್ ಎಂದರೆ ಅಂಕಿಯೇ ಬಂದಿಲ್ಲ. ಇ ಎಂದಿರುವ ಸಾಲಿನ ಮೇಲೆ ಯಾವ ವಾದವನ್ನೂ ಕಟ್ಟಬೇಡಿ, ಒಂದೆರಡು ದಿನ ಕಾಯಿರಿ.

ಈಗ ಆ ಪ್ರಸಿದ್ಧ ಶೇಕಡಾವಾರು. ಮುಖಪುಟದಲ್ಲಿ ದೊಡ್ಡದಾಗಿ ಕಾಣುವ ಅಂಕಿಯ ಅರ್ಥ ಇಷ್ಟೇ: ಈಗ ಒಳಗಿರುವ ಬಳಕೆಯ ಅನಿಲವನ್ನು ಬಳಕೆಯ ಅನಿಲದ ಗರಿಷ್ಠ ಸಾಮರ್ಥ್ಯದಿಂದ ಭಾಗಿಸಿದ್ದು. ಒತ್ತಡ ಕಾಯ್ದುಕೊಳ್ಳಲು ನೆಲದೊಳಗೆ ಕಾಯಂ ಆಗಿ ಬಿಟ್ಟಿರುವ ಅನಿಲ ಇದರಲ್ಲಿ ಸೇರಿಲ್ಲ. ಇಡೀ ಒಕ್ಕೂಟದ ಸಾಮರ್ಥ್ಯ ಸುಮಾರು 1,100 ಟೆರಾವ್ಯಾಟ್-ಅವರ್‌ಗಿಂತ ತುಸು ಹೆಚ್ಚು. ನವೆಂಬರ್ 1ಕ್ಕೆ ಸಂಗ್ರಹ 2021ರಲ್ಲಿ ಸುಮಾರು ಶೇ. 77, 2022ರಲ್ಲಿ 95, 2023ರಲ್ಲಿ 99, 2024ರಲ್ಲಿ 95, 2025ರಲ್ಲಿ 83. ಕೊನೆಯ ಎರಡು ವರ್ಷಗಳ ನಡುವಿನ 12 ಶೇಕಡಾ ಅಂಶ ಎಂದರೆ ಸುಮಾರು 135 ಟೆರಾವ್ಯಾಟ್-ಅವರ್. ಈಗಿನ ಒಂದು ದೊಡ್ಡ ಎಲ್‌ಎನ್‌ಜಿ ಹಡಗು ಹೊರುವುದು ಸುಮಾರು 1 ಟೆರಾವ್ಯಾಟ್-ಅವರ್. ಅಂದರೆ ನೂರಕ್ಕೂ ಮೀರಿದ ಹಡಗುಗಳ ಸರಕು. ಶೇಕಡಾವಾರನ್ನು ಹೀಗೆ ಹಡಗಿಗೆ ಇಳಿಸಿ ನೋಡಿದಾಗಲೇ ಅದರ ಹಣದ ತೂಕ ತಿಳಿಯುವುದು.

ಶೇಕಡಾವಾರು ಹೇಳದಿರುವುದು ಮೂರು ಸಂಗತಿ.

ಒಂದು, ವೇಗ. ಸಂಗ್ರಹಾಗಾರ ಖಾಲಿಯಾಗುತ್ತ ಹೋದಂತೆ ಒಳಗಿನ ಒತ್ತಡ ಇಳಿಯುತ್ತದೆ, ದಿನಕ್ಕೆ ಹೊರಬರುವ ಅನಿಲವೂ ಇಳಿಯುತ್ತದೆ. ಆಗ್ಸಿಯ ಹೊರತೆಗೆತ ಸಾಮರ್ಥ್ಯ ಎಂಬ ಕಾಲಂನಲ್ಲಿರುವುದು ತಾಂತ್ರಿಕ ಗರಿಷ್ಠ, ಇಂದಿನ ಒತ್ತಡದಲ್ಲಿ ಸಾಧ್ಯವಿರುವ ವೇಗವಲ್ಲ. ಜರ್ಮನಿಯ ಎಟ್ಸೆಲ್, ಎಪೆಗಳಲ್ಲಿರುವಂಥ ಉಪ್ಪಿನ ಗುಹೆಗಳು ಬೇಗ ತುಂಬುತ್ತವೆ, ಬೇಗ ಕೊಡುತ್ತವೆ. ಜರ್ಮನಿಯದೇ ಆದ ರೇಡೆನ್, ನೆದರ್ಲೆಂಡ್ಸ್‌ನ ಬರ್ಗರ್‌ಮೇರ್, ಆಸ್ಟ್ರಿಯಾದ ಹೈಡಾಕ್‌ನಂಥ ಬರಿದಾದ ಅನಿಲ ನಿಕ್ಷೇಪಗಳು ಹೆಚ್ಚು ಹಿಡಿಯುತ್ತವೆ, ಆದರೆ ನಿಧಾನ. ಚಳಿ ಜೋರಾದ ದಿನಗಳಲ್ಲಿ ಒಕ್ಕೂಟದ ಒಟ್ಟು ಹೊರತೆಗೆತ 6,000 ಗಿಗಾವ್ಯಾಟ್-ಅವರ್ ದಾಟುವುದುಂಟು. ಫೆಬ್ರುವರಿ ಕೊನೆಯಲ್ಲಿ ಅದೇ ವೇಗ ಬೇಕೆಂದರೆ ಸಿಗದೆ ಹೋಗಬಹುದು. ‘ಇಷ್ಟು ಸಂಗ್ರಹ, ದಿನಕ್ಕೆ ಇಷ್ಟು ಬಳಕೆ, ಆದ್ದರಿಂದ ಇಷ್ಟು ದಿನಕ್ಕೆ ಸಾಕು’ ಎಂಬ ಭಾಗಾಕಾರ ಎರಡು ಕಡೆಯಿಂದಲೂ ತಪ್ಪು. ಕೊಳವೆ ಮತ್ತು ಹಡಗಿನ ಪೂರೈಕೆ ಚಳಿಗಾಲದಲ್ಲೂ ನಡೆದೇ ಇರುತ್ತದೆ, ಹೊರತೆಗೆಯುವ ವೇಗ ಮಾತ್ರ ಇಳಿಯುತ್ತಿರುತ್ತದೆ.

ಎರಡು, ಯಾರ ಬಳಕೆಗೆ ಎಷ್ಟು. ಇದಕ್ಕೆ ವಾರ್ಷಿಕ ಬಳಕೆಗೆ ಹೋಲಿಸಿದ ಇನ್ನೊಂದು ಶೇಕಡಾವಾರು ಕಾಲಂ ಇದೆ, ಅದನ್ನು ನೋಡುವವರು ಕಡಿಮೆ. ಲ್ಯಾಟ್ವಿಯಾದ ಇನ್ಚುಕಲ್ನ್ಸ್ ಸಂಗ್ರಹಾಗಾರ ಆ ದೇಶದ ವರ್ಷದ ಬಳಕೆಗಿಂತ ಎಷ್ಟೋ ದೊಡ್ಡದು, ಯಾಕೆಂದರೆ ಅದು ಎಸ್ಟೋನಿಯಾ, ಲಿಥುವೇನಿಯಾ, ಫಿನ್ಲೆಂಡ್‌ಗಳ ಕಣಜವೂ ಹೌದು. ಆಸ್ಟ್ರಿಯಾದ ಸಾಮರ್ಥ್ಯವೂ ಅದರ ವಾರ್ಷಿಕ ಬಳಕೆಯನ್ನು ಮೀರುತ್ತದೆ, ಆದರೆ ಅಲ್ಲಿ ಇಟ್ಟ ಅನಿಲವೆಲ್ಲ ಆಸ್ಟ್ರಿಯಾದ್ದಲ್ಲ. ಇತ್ತ ಐರ್ಲೆಂಡ್, ಗ್ರೀಸ್, ಸ್ಲೊವೇನಿಯಾಗಳಲ್ಲಿ ಭೂಗತ ಸಂಗ್ರಹವೇ ಇಲ್ಲ, ಹಾಗಾಗಿ ಪಟ್ಟಿಯಲ್ಲಿ ಅವುಗಳ ಹೆಸರೂ ಇಲ್ಲ. ಇನ್ನೊಂದು ಎಚ್ಚರಿಕೆ: ಈ ಕಾಲಂನ ಛೇದದಲ್ಲಿರುವುದು ಸ್ಥಿರವಾದ ವಾರ್ಷಿಕ ಅಂಕಿ. ಒಕ್ಕೂಟದ ಅನಿಲ ಬಳಕೆ 2022ರ ಆಗಸ್ಟ್‌ನಿಂದ 2024ರ ಮೇ ವರೆಗೆ ಹಿಂದಿನ ಸರಾಸರಿಗಿಂತ ಶೇ. 18ರಷ್ಟು ಇಳಿದಿತ್ತು. ಛೇದ ಬದಲಾದ ದಿನ ಗೆರೆ ಒಮ್ಮೆಗೇ ಜಿಗಿಯುತ್ತದೆ, ಅನಿಲ ಮಾತ್ರ ಇದ್ದಲ್ಲೇ ಇರುತ್ತದೆ. ಮೊದಲಿನ ಶೇಕಡಾವಾರಿಗೂ ಇದೇ ಕಾಯಿಲೆ. ಯಾವುದಾದರೂ ಸಂಗ್ರಹಾಗಾರ ಮುಚ್ಚಿದರೆ ಸಾಮರ್ಥ್ಯ ಇಳಿಯುತ್ತದೆ, ಒಂದು ಘನ ಮೀಟರ್ ಅನಿಲ ಸೇರದಿದ್ದರೂ ಶೇಕಡಾವಾರು ಏರುತ್ತದೆ. ಸಾಮರ್ಥ್ಯದ ಕಾಲಂ ಅನ್ನು ಪಕ್ಕದಲ್ಲಿಟ್ಟುಕೊಳ್ಳದೆ ವರ್ಷದಿಂದ ವರ್ಷಕ್ಕೆ ಹೋಲಿಸಬೇಡಿ.

ಮೂರು, ಮಾಲೀಕತ್ವ. ಆಗ್ಸಿಯ ನಿಜವಾದ ಬೆಲೆ ಇರುವುದು ಇಲ್ಲಿ. ದೇಶದ ಹೆಸರಿನ ಮೇಲೆ ಒತ್ತಿದರೆ ನಿರ್ವಾಹಕರ ಪಟ್ಟಿ, ನಿರ್ವಾಹಕರ ಮೇಲೆ ಒತ್ತಿದರೆ ಒಂದೊಂದೇ ಸಂಗ್ರಹಾಗಾರ ತೆರೆದುಕೊಳ್ಳುತ್ತದೆ. 2021ರ ನವೆಂಬರ್ ಆರಂಭದ ಪುಟವನ್ನು ಈಗಲೂ ತೆಗೆದು ನೋಡಬಹುದು. ಒಕ್ಕೂಟ ಶೇ. 77ರಲ್ಲಿತ್ತು. ಜರ್ಮನಿಯ ಅತಿ ದೊಡ್ಡ ಸಂಗ್ರಹಾಗಾರವಾದ ರೇಡೆನ್, ಆ ದೇಶದ ಸಾಮರ್ಥ್ಯದ ಸುಮಾರು ಐದನೇ ಒಂದು ಪಾಲು ಹಿಡಿಯುವಂಥದ್ದು, ಶೇ. 10ರ ಆಸುಪಾಸಿನಲ್ಲಿತ್ತು. ಆಗ ಅದು ರಷ್ಯಾದ ಸರ್ಕಾರಿ ಅನಿಲ ಕಂಪನಿ ಗಾಜ್‌ಪ್ರಾಮ್‌ನ ಜರ್ಮನ್ ಅಂಗಸಂಸ್ಥೆಯ ಕೈಯಲ್ಲಿತ್ತು. ದಾಳಿಗೆ ಮೂರು ತಿಂಗಳು ಮೊದಲೇ ಈ ಅಂಕಿ ಎಲ್ಲರ ಕಣ್ಣೆದುರಿಗಿತ್ತು, ಸರಾಸರಿಯ ಹಿಂದೆ ಅಡಗಿಕೊಂಡಿತ್ತು ಅಷ್ಟೇ. 2022ರ ಏಪ್ರಿಲ್‌ನಲ್ಲಿ ಜರ್ಮನ್ ಸರ್ಕಾರ ಆ ಅಂಗಸಂಸ್ಥೆಯನ್ನು ಸರ್ಕಾರಿ ಉಸ್ತುವಾರಿಗೆ ತೆಗೆದುಕೊಂಡಿತು, ಜೂನ್‌ನಲ್ಲಿ ರೇಡೆನ್ ತುಂಬಿಸಲು ಆದೇಶ ಹೊರಡಿಸಿತು. ಹಾಗೆ ತುರ್ತಾಗಿ ತುಂಬಿಸಿದ ಖರ್ಚು ಜರ್ಮನ್ ಅನಿಲ ಬಳಕೆದಾರರ ಬಿಲ್ಲಿಗೆ ಸಂಗ್ರಹ ಶುಲ್ಕವಾಗಿ ಬಂತು. 2022ರ ಅಕ್ಟೋಬರ್‌ನಲ್ಲಿ ಮೆಗಾವ್ಯಾಟ್-ಅವರ್‌ಗೆ 0.59 ಯೂರೋ ಇದ್ದದ್ದು 2025ರ ಜನವರಿಗೆ 2.99 ಯೂರೋ ಆಯಿತು. 2026ರ ಜನವರಿ 1ರಿಂದ ಅದನ್ನು ರದ್ದು ಮಾಡಿದರು. ತುಂಬಿದ ಕಣಜಕ್ಕೂ ಬೆಲೆಯಿದೆ, ಆ ಬೆಲೆ ಆಗ್ಸಿಯ ಯಾವ ಕಾಲಂನಲ್ಲೂ ಕಾಣುವುದಿಲ್ಲ.

ಅದೇ ಕಾರಣಕ್ಕೆ ನಿಯಮವೂ ಬದಲಾಯಿತು. 2022ರ ಜೂನ್‌ನ ಕಾನೂನು ಆ ವರ್ಷ ನವೆಂಬರ್ 1ಕ್ಕೆ ಶೇ. 80, ಮುಂದಿನ ವರ್ಷಗಳಿಗೆ ಶೇ. 90 ಎಂದು ಗುರಿ ಇಟ್ಟಿತ್ತು. ಗಡುವು ಗಟ್ಟಿಯಾಗಿದ್ದರಿಂದ, ಎಷ್ಟೇ ಬೆಲೆಯಾದರೂ ಸರ್ಕಾರಗಳು ಕೊಂಡೇ ಕೊಳ್ಳುತ್ತವೆ ಎಂದು ಮಾರುಕಟ್ಟೆಗೆ ಗೊತ್ತಿತ್ತು. 2025ರ ಆರಂಭದಲ್ಲಿ ಆ ಬೇಸಿಗೆಯ ಅನಿಲದ ಮುಂಗಡ ದರ ಮುಂದಿನ ಚಳಿಗಾಲದ ದರವನ್ನೇ ಮೀರಿಸಿತು. ಬೇಸಿಗೆಯಲ್ಲಿ ಅಗ್ಗಕ್ಕೆ ಕೊಂಡು ಚಳಿಗಾಲದಲ್ಲಿ ಮಾರುವುದೇ ಸಂಗ್ರಹ ವ್ಯಾಪಾರದ ಜೀವಾಳ. ಆ ಲೆಕ್ಕ ತಲೆಕೆಳಗಾದರೆ ಖಾಸಗಿಯವರು ಯಾಕಾದರೂ ತುಂಬಿಸುತ್ತಾರೆ? 2025ರ ತಿದ್ದುಪಡಿಯ ನಂತರ ಶೇ. 90ನ್ನು ಅಕ್ಟೋಬರ್ 1ರಿಂದ ಡಿಸೆಂಬರ್ 1ರ ನಡುವೆ ಯಾವಾಗ ಮುಟ್ಟಿದರೂ ಆಗುತ್ತದೆ, ಮಾರುಕಟ್ಟೆ ಕಷ್ಟವಿದ್ದರೆ 10 ಶೇಕಡಾ ಅಂಶ ಕಡಿಮೆ ಮಾಡಿಕೊಳ್ಳಲೂ ಅವಕಾಶವಿದೆ. ಕಾನೂನನ್ನು 2027ರ ಕೊನೆಯವರೆಗೆ ವಿಸ್ತರಿಸಿದ್ದಾರೆ. ಆದ್ದರಿಂದ 2025ರ ನವೆಂಬರ್‌ನ 83ನ್ನು ‘ಗುರಿ ತಪ್ಪಿತು’ ಎಂದು ಬರೆದರೆ ಅದು ಹಳೆಯ ನಿಯಮದಿಂದ ಹೊಸ ವರ್ಷವನ್ನು ಅಳೆದಂತೆ.

ಪ್ರೋಗ್ರಾಂ ಬರೆದು ಅಂಕಿ ಇಳಿಸಿಕೊಳ್ಳುವವರಿಗೆ: ಉಚಿತವಾಗಿ ನೋಂದಾಯಿಸಿಕೊಂಡರೆ ಒಂದು ಕೀ ಸಿಗುತ್ತದೆ, ಅದನ್ನು ಪ್ರತಿ ವಿನಂತಿಯ ಹೆಡರ್‌ನಲ್ಲಿ ಕಳಿಸಬೇಕು. ಒಂದು ಪುಟಕ್ಕೆ ಹೆಚ್ಚೆಂದರೆ 300 ಸಾಲು, ನಿಮಿಷಕ್ಕೆ 60 ವಿನಂತಿ. ಒಂದು ವರ್ಷದ ಅಂಕಿಗೆ ಎರಡು ಪುಟ ಬೇಕು. ಮೊದಲ ಪುಟ ಮಾತ್ರ ತಂದು ಉಳಿದ 65 ದಿನ ಬಿಟ್ಟುಬಿಡುವುದು ಎಲ್ಲರೂ ಮಾಡುವ ತಪ್ಪು. ಸಂಖ್ಯೆಗಳೆಲ್ಲ ಪಠ್ಯದ ರೂಪದಲ್ಲಿ ಬರುತ್ತವೆ, ಇಲ್ಲದ ಕಡೆ ಒಂದು ಅಡ್ಡಗೆರೆ ಇರುತ್ತದೆ. ಅದನ್ನು ಸೊನ್ನೆಯಾಗಿ ಓದಿಕೊಂಡರೆ ಮೊತ್ತ ಕೆಡುತ್ತದೆ, ಖಾಲಿ ಎಂದೇ ಓದಿಸಿ. ಅರ್ಧ ಅಂಕ ಕಡಿತ ಯಾಕೆಂದರೆ, ಸಂಗ್ರಹಾಗಾರದ ಬಗೆ ಗುಹೆಯೋ ನಿಕ್ಷೇಪವೋ ಎಂಬುದನ್ನು ದಿನದ ಕೋಷ್ಟಕದಲ್ಲೇ ತೋರಿಸುವುದಿಲ್ಲ. ವೇಗದ ಪ್ರಶ್ನೆಗೆ ಅದೇ ಮುಖ್ಯ.

ಇಸಿಬಿ ಡೇಟಾ ಪೋರ್ಟಲ್: ಐದಕ್ಕೆ ನಾಲ್ಕು

2023ರಲ್ಲಿ ಹಳೆಯ ಸ್ಟಾಟಿಸ್ಟಿಕಲ್ ಡೇಟಾ ವೇರ್‌ಹೌಸ್ ಜಾಗಕ್ಕೆ ಇದು ಬಂತು. ಹುಡುಕಾಟ ಸುಧಾರಿಸಿದೆ, ಚಾರ್ಟ್ ಬೇಗ ಬರುತ್ತದೆ, ಪ್ರತಿ ಸರಣಿಗೂ ಒಂದು ಕೀ ಇದೆ. ಚುಕ್ಕೆಗಳಿಂದ ಬೇರ್ಪಟ್ಟ ಆ ಕೀಯಲ್ಲಿ ಮೊದಲು ದತ್ತಾಂಶ ಗುಂಪು, ಆಮೇಲೆ ದಿನವೋ ತಿಂಗಳೋ ಎಂಬ ಆವರ್ತನ, ಮುಂದೆ ದೇಶ, ಕರೆನ್ಸಿ ಇತ್ಯಾದಿ. ಒಮ್ಮೆ ಓದಲು ಕಲಿತರೆ ಹುಡುಕುವ ಕೆಲಸವೇ ತಪ್ಪುತ್ತದೆ. ಕೀಯ ಒಂದು ಭಾಗ ಬದಲಿಸಿದರೆ ಪಕ್ಕದ ದೇಶದ ಅಂಕಿ ಎದುರಿಗಿರುತ್ತದೆ.

ಯುದ್ಧಕಾಲದ ಹಣದುಬ್ಬರಕ್ಕೆ ಬ್ಯಾಂಕ್ ಹೇಗೆ ಉತ್ತರಿಸಿತು ಎಂದು ನೋಡಲು ಜನ ತೆಗೆಯುವುದು ಬಡ್ಡಿ ದರದ ಸರಣಿ. ಅಲ್ಲಿ ಎಡವುವ ಜಾಗ ಎರಡಿವೆ. ಮೊದಲನೆಯದು ತಾರೀಕು. ಪೋರ್ಟಲ್‌ನಲ್ಲಿರುವುದು ದರ ಜಾರಿಗೆ ಬಂದ ದಿನ, ಘೋಷಣೆಯ ದಿನವಲ್ಲ. ಹನ್ನೊಂದು ವರ್ಷಗಳ ನಂತರದ ಮೊದಲ ಏರಿಕೆ ಘೋಷಣೆಯಾದದ್ದು 2022ರ ಜುಲೈ 21ಕ್ಕೆ, ಜಾರಿಯಾದದ್ದು 27ಕ್ಕೆ. ಮಾರುಕಟ್ಟೆಯ ಪ್ರತಿಕ್ರಿಯೆ ಅಳೆಯುವವರು 27ನ್ನು ಹಿಡಿದುಕೊಂಡರೆ ಏನೂ ಆಗಿಯೇ ಇಲ್ಲವೆಂಬಂತೆ ಕಾಣುತ್ತದೆ.

ಎರಡನೆಯದು ಯಾವ ದರ ಎಂಬುದು. ನೀತಿಯ ನಿಲುವು ಈಗ ಕಾಣುವುದು ಠೇವಣಿ ದರದಲ್ಲಿ, ಅಂದರೆ ಬ್ಯಾಂಕುಗಳು ಇಸಿಬಿಯಲ್ಲಿ ಇಡುವ ಹಣಕ್ಕೆ ಸಿಗುವ ಬಡ್ಡಿಯಲ್ಲಿ. ಹಳೆಯ ಅಭ್ಯಾಸದಿಂದ ಅನೇಕರು, ಬ್ಯಾಂಕುಗಳು ಇಸಿಬಿಯಿಂದ ಸಾಲ ಪಡೆಯುವ ಮುಖ್ಯ ಮರುಹಣಕಾಸು ದರದ ಗೆರೆ ಎಳೆಯುತ್ತಾರೆ. 2024ರ ಸೆಪ್ಟೆಂಬರ್ 18ರಂದು ಠೇವಣಿ ದರ ಶೇ. 3.75ರಿಂದ 3.50ಕ್ಕೆ, ಅಂದರೆ ಕಾಲು ಅಂಶ ಇಳಿಯಿತು. ಅದೇ ದಿನ ಮುಖ್ಯ ಮರುಹಣಕಾಸು ದರ 4.25ರಿಂದ 3.65ಕ್ಕೆ ಬಿತ್ತು. ಇದು ಭಾರೀ ಸಡಿಲಿಕೆಯಲ್ಲ. ಎರಡು ದರಗಳ ನಡುವಿನ ಅಂತರವನ್ನು ಅರ್ಧ ಅಂಶದಿಂದ 0.15ಕ್ಕೆ ಇಳಿಸುವ ಮೊದಲೇ ಹೇಳಿದ್ದ ತಾಂತ್ರಿಕ ಬದಲಾವಣೆ. ಆ ಗೆರೆ ಮಾತ್ರ ನೋಡಿದವರಿಗೆ 60 ಮೂಲಾಂಶಗಳ (0.60 ಶೇಕಡಾ ಅಂಶದ) ಕಡಿತ ಕಾಣುತ್ತದೆ. ಠೇವಣಿ ದರದ ಗೆರೆಯೇ ಸರಿಯಾದ ಕಥೆ ಹೇಳುತ್ತದೆ: 2022ರ ಜುಲೈವರೆಗೆ ಮೈನಸ್ 0.50, ಸತತ ಹತ್ತು ಏರಿಕೆಯ ನಂತರ 2023ರ ಸೆಪ್ಟೆಂಬರ್‌ನಲ್ಲಿ 4.00, 2025ರ ಜೂನ್ 11ಕ್ಕೆ 2.00.

ವಿನಿಮಯ ದರದ ಪುಟ ಚೊಕ್ಕವಾಗಿದೆ. ಕೆಲಸದ ದಿನ ಸಂಜೆ ನಾಲ್ಕರ ಹೊತ್ತಿಗೆ ಅಂಕಿ ಬರುತ್ತದೆ. ಮಾಹಿತಿಗಾಗಿ ಕೊಡುವ ದರ ಅದು, ವ್ಯವಹಾರಕ್ಕಲ್ಲ. ರೂಬಲ್ ಬೇಕಾದವರು ಗಮನಿಸಿ: 2022ರ ಮಾರ್ಚ್ 2ರಿಂದ ಯೂರೋ–ರೂಬಲ್ ದರದ ಪ್ರಕಟಣೆಯನ್ನೇ ಬ್ಯಾಂಕ್ ನಿಲ್ಲಿಸಿದೆ, ನಂಬಲರ್ಹ ಮಾರುಕಟ್ಟೆ ದರ ಸಿಗುವುದಿಲ್ಲವೆಂದು. ಕೆಲವು ಸಾಫ್ಟ್‌ವೇರ್‌ಗಳು ಕೊನೆಯ ಅಂಕಿಯನ್ನೇ ಮುಂದಕ್ಕೆ ಎಳೆದು ನೆಟ್ಟಗಿನ ಗೆರೆ ತೋರಿಸುತ್ತವೆ. ರೂಬಲ್ ಅಲ್ಲಾಡದೆ ನಿಂತಿತೆಂದು ಅದರಿಂದ ಯಾರೂ ತೀರ್ಮಾನಿಸಬಾರದು.

ಇನ್ನೊಂದು ಚಿಕ್ಕ ವಿಷಯ. ಯು2 ಎಂಬ ಸಂಕೇತ ಬದಲಾಗುವ ಸದಸ್ಯತ್ವದ ಯೂರೋ ವಲಯ. ಕ್ರೊಯೇಷಿಯಾ 2023ರ ಜನವರಿಯಲ್ಲಿ, ಬಲ್ಗೇರಿಯಾ 2026ರ ಜನವರಿಯಲ್ಲಿ ಸೇರಿದವು. ಸಾಲ, ಠೇವಣಿಗಳ ಮೊತ್ತದ ಸರಣಿಗಳು ಆ ತಿಂಗಳುಗಳಲ್ಲಿ ಹೆಜ್ಜೆಯಂತೆ ಏರಿದ್ದು ಕಂಡರೆ ಅದು ಸಾಲದ ಬೆಳವಣಿಗೆಯಲ್ಲ. ಬೆಳವಣಿಗೆ ಬೇಕಿದ್ದರೆ ಬ್ಯಾಂಕೇ ಲೆಕ್ಕ ಹಾಕಿ ಕೊಡುವ ವಾರ್ಷಿಕ ಬೆಳವಣಿಗೆ ದರದ ಸರಣಿ ತೆಗೆದುಕೊಳ್ಳಿ.

ಯೂರೋಸ್ಟಾಟ್: ಐದಕ್ಕೆ ಮೂರೂವರೆ, ಬಿಟ್ಟಿರಲು ಮಾತ್ರ ಆಗದು

ಮೂರರಲ್ಲಿ ಅತಿ ಶ್ರೀಮಂತ, ಬಳಸಲು ಅತಿ ಕಷ್ಟ. ಅಂಕಿಗಳು ಬೆಳಿಗ್ಗೆ 11ಕ್ಕೆ ಮತ್ತು ರಾತ್ರಿ 11ಕ್ಕೆ ನವೀಕರಣಗೊಳ್ಳುತ್ತವೆ. ಬ್ರೌಸರ್‌ನಲ್ಲಿ ಮೊದಲು ಮಾಡಬೇಕಾದ ಕೆಲಸ, ತಾನಾಗಿಯೇ ತೆರೆದುಕೊಳ್ಳುವ ಕೋಷ್ಟಕವನ್ನು ನಂಬದೆ ಪ್ರತಿ ಆಯಾಮವನ್ನೂ ತೆರೆದು ನೋಡುವುದು: ಅಳತೆಯ ಮಾನ, ಋತು ಹೊಂದಾಣಿಕೆ, ದೇಶಗಳ ಗುಂಪು. ಅಂಕಿಯ ಪಕ್ಕದ ಸಣ್ಣ ಅಕ್ಷರಗಳನ್ನು ಕೈಬಿಡಬೇಡಿ. ಪಿ ಎಂದರೆ ತಾತ್ಕಾಲಿಕ, ಇ ಅಂದಾಜು, ಬಿ ಎಂದರೆ ಸರಣಿ ಅಲ್ಲಿ ಮುರಿದಿದೆ, ಸಿ ಎಂದರೆ ಗೋಪ್ಯ. ಆಗ್ಸಿಯಲ್ಲಿ ಸಿ ದೃಢಪಟ್ಟದ್ದು, ಇಲ್ಲಿ ಸಿ ಮುಚ್ಚಿಟ್ಟದ್ದು. ಎರಡೂ ತಾಣಗಳಲ್ಲಿ ಕೆಲಸ ಮಾಡುವವರು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕಾದ ಮಾತು.

ಮೊದಲ ಅಂದಾಜು ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ. 2022ರ ಅಕ್ಟೋಬರ್‌ನ ಯೂರೋ ವಲಯದ ಹಣದುಬ್ಬರ ಮೊದಲ ಅಂದಾಜಿನಲ್ಲಿ ಶೇ. 10.7, ಅಂತಿಮವಾಗಿ 10.6. ಇದು ಚಿಲ್ಲರೆ ವ್ಯತ್ಯಾಸ. 2025ರ ಮೊದಲ ತ್ರೈಮಾಸಿಕದ ಜಿಡಿಪಿ ಹಾಗಲ್ಲ. ಏಪ್ರಿಲ್ ಕೊನೆಗೆ ಶೇ. 0.4, ಮೇ ತಿಂಗಳಲ್ಲಿ 0.3, ಜೂನ್‌ನಲ್ಲಿ ಒಮ್ಮೆಗೇ 0.6. ನಡುವೆ ಆದದ್ದು ಐರ್ಲೆಂಡ್‌ನ ಪರಿಷ್ಕರಣೆ, ಆ ದೇಶ ಅದೇ ತ್ರೈಮಾಸಿಕಕ್ಕೆ ಶೇ. 9.7ರ ಬೆಳವಣಿಗೆ ತೋರಿಸಿತ್ತು. ಅಮೆರಿಕದ ಸುಂಕ ಬೀಳುವ ಮೊದಲೇ ಔಷಧಿ ಕಂಪನಿಗಳು ಸರಕು ಸಾಗಿಸಿದ್ದರ ಫಲ ಅದು. ಯುರೋಪಿನ ಕಾರ್ಖಾನೆ, ಅಂಗಡಿ, ಸಂಬಳಗಳಲ್ಲಿ ಅಂಥದ್ದೇನೂ ಆಗಿರಲಿಲ್ಲ. ಐರ್ಲೆಂಡ್ ಬಿಟ್ಟ ಯೂರೋ ವಲಯದ ಅಂಕಿಯನ್ನು ಮುಖ್ಯ ಕೋಷ್ಟಕದಲ್ಲೇ ಕೊಡಬೇಕಿತ್ತು. ಈಗ ಬಳಕೆದಾರರೇ ಕಳೆದುಕೊಳ್ಳಬೇಕು. ಹಣದುಬ್ಬರ ನೋಡುವವರಿಗೆ ಇನ್ನೊಂದು ಬದಲಾವಣೆ: 2026ರಿಂದ ಸೂಚ್ಯಂಕದ ಆಧಾರ ವರ್ಷ 2015ರಿಂದ 2025ಕ್ಕೆ ಬಂದಿದೆ, ಸರಕುಗಳ ವರ್ಗೀಕರಣವೂ ಹೊಸದು. ಹಳೆಯ ಫೈಲ್‌ನ ಕೊನೆಗೆ ಹೊಸ ತಿಂಗಳುಗಳನ್ನು ಅಂಟಿಸಿದರೆ ಸೂಚ್ಯಂಕ ಪಾತಾಳಕ್ಕೆ ಬಿದ್ದಂತೆ ಕಾಣುತ್ತದೆ.

ರಕ್ಷಣಾ ವೆಚ್ಚದ ಕೋಷ್ಟಕಕ್ಕೆ ಹೆಚ್ಚು ಜಾಗ ಕೊಡಬೇಕು, ಯಾಕೆಂದರೆ ಮುಂದಿನ ವರ್ಷಗಳ ಯುರೋಪಿನ ಬಜೆಟ್ ಜಗಳವೆಲ್ಲ ಇದರ ಮೇಲೆಯೇ. 2023ಕ್ಕೆ ಯೂರೋಸ್ಟಾಟ್ ಹೇಳುವ ಒಕ್ಕೂಟದ ರಕ್ಷಣಾ ವೆಚ್ಚ 227 ಶತಕೋಟಿ ಯೂರೋ, ಜಿಡಿಪಿಯ ಶೇ. 1.3. ಅದೇ ವರ್ಷಕ್ಕೆ ಯುರೋಪಿಯನ್ ಡಿಫೆನ್ಸ್ ಏಜೆನ್ಸಿಯ ಅಂಕಿ 279 ಶತಕೋಟಿ, ಶೇ. 1.6. ಯಾರೂ ಸುಳ್ಳು ಹೇಳುತ್ತಿಲ್ಲ. ಯೂರೋಸ್ಟಾಟ್ ಲೆಕ್ಕ ಹಿಡಿಯುವುದು ರಾಷ್ಟ್ರೀಯ ಲೆಕ್ಕಪತ್ರದ ನಿಯಮದಂತೆ: ಟ್ಯಾಂಕೋ ವಿಮಾನವೋ ಸೇನೆಯ ಕೈಸೇರಿದ ದಿನ ವೆಚ್ಚ ದಾಖಲಾಗುತ್ತದೆ, ಮುಂಗಡ ಕೊಟ್ಟ ದಿನ ಅಲ್ಲ. ಮೂರನೆಯ ಲೆಕ್ಕ ನೇಟೋದ್ದು: ಅದು ಹಿಡಿಯುವುದು ಹಣ ಪಾವತಿಯಾದಾಗ, ನಿವೃತ್ತ ಸೈನಿಕರ ಪಿಂಚಣಿಯನ್ನೂ ಸೇರಿಸಿಕೊಳ್ಳುತ್ತದೆ. ಐದು ವರ್ಷಕ್ಕೆ ಕೈಸೇರುವ ಯುದ್ಧವಿಮಾನಕ್ಕೆ ಇಂದು ಮುಂಗಡ ಕೊಟ್ಟರೆ ನೇಟೋ ಪಟ್ಟಿಯಲ್ಲಿ ಇಂದೇ ಕಾಣುತ್ತದೆ, ಯೂರೋಸ್ಟಾಟ್‌ನಲ್ಲಿ ಐದು ವರ್ಷದ ಮೇಲೆ.

ಇದು ಬರೀ ಲೆಕ್ಕಿಗರ ತಕರಾರಲ್ಲ. 2025ರ ಮಾರ್ಚ್‌ನಲ್ಲಿ ಐರೋಪ್ಯ ಆಯೋಗ ಮುಂದಿಟ್ಟ ವಿನಾಯಿತಿಯ ಪ್ರಕಾರ, ಸದಸ್ಯ ದೇಶಗಳು 2025ರಿಂದ 2028ರವರೆಗೆ ಜಿಡಿಪಿಯ ಶೇ. 1.5ರವರೆಗೆ ಹೆಚ್ಚುವರಿ ರಕ್ಷಣಾ ವೆಚ್ಚವನ್ನು ಬಜೆಟ್ ನಿಯಮದ ಮಿತಿಯ ಆಚೆ ಮಾಡಬಹುದು. ಹೋಲಿಕೆಯ ಆಧಾರ ವರ್ಷ 2021, ವೆಚ್ಚದ ವ್ಯಾಖ್ಯೆ ಯೂರೋಸ್ಟಾಟ್ ವರ್ಗೀಕರಣದ್ದು. ಯಾವ ದೇಶಕ್ಕೆ ಎಷ್ಟು ಸಡಿಲಿಕೆ ಎಂದು ತೀರ್ಮಾನವಾಗುವುದು ಹೇಗ್ ಶೃಂಗಸಭೆಯಲ್ಲಿ ಒಪ್ಪಿದ ನೇಟೋದ ಶೇ. 3.5ರ ಅಳತೆಗೋಲಿನಿಂದಲ್ಲ, ಈ ಕೋಷ್ಟಕದಿಂದ. ಅಡಚಣೆ ಏನೆಂದರೆ, ಉದ್ದೇಶವಾರು ವೆಚ್ಚದ ಪೂರ್ಣ ಅಂಕಿ ಬರುವುದು ವರ್ಷ ಮುಗಿದು ಮತ್ತೊಂದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಇನ್ನೆರಡು ಬಜೆಟ್ ಮಂಡನೆಯಾಗಿರುತ್ತವೆ. ಇಷ್ಟು ದೊಡ್ಡ ನೀತಿಗೆ ಇಷ್ಟು ತಡವಾದ ಅಳತೆಗೋಲು ಸಾಲದು, ಅಂಕ ಕಡಿತಕ್ಕೆ ಮೊದಲ ಕಾರಣ ಇದೇ.

ವ್ಯಾಪಾರದ ಅಂಕಿಗಳಿಗೆ ಕಾಮೆಕ್ಸ್ಟ್ ಎಂಬ ವಿಭಾಗವಿದೆ. ರಷ್ಯಾದ ಮೇಲಿನ ನಿರ್ಬಂಧಗಳ ಪರಿಣಾಮ ನೋಡಬೇಕಾದರೆ ಇದಕ್ಕಿಂತ ಸೂಕ್ಷ್ಮವಾದ ಸಾರ್ವಜನಿಕ ಮೂಲ ಇಲ್ಲ. ಎಂಟಂಕಿಯ ಸರಕು ಕೋಡ್‌ವರೆಗೆ, ತಿಂಗಳು ತಿಂಗಳಿನ ಮೌಲ್ಯ ಮತ್ತು ತೂಕ ಸಿಗುತ್ತದೆ. ತೂಕ ಇರುವುದು ಕಿಲೋದಲ್ಲೂ ಅಲ್ಲ, ಟನ್‌ನಲ್ಲೂ ಅಲ್ಲ, 100 ಕಿಲೋದ ಘಟಕದಲ್ಲಿ. ಆಮದಾದ ಎಲ್‌ಎನ್‌ಜಿ ಯಾವ ದರಕ್ಕೆ ಬಂತೆಂದು ತಿಳಿಯಲು ಮೌಲ್ಯವನ್ನು ತೂಕದಿಂದ ಭಾಗಿಸಿ 10ರಿಂದ ಗುಣಿಸಿ, ಟನ್‌ಗೆ ಎಷ್ಟು ಯೂರೋ ಎಂಬುದು ಸಿಗುತ್ತದೆ. ಒಂದು ಟನ್‌ನಲ್ಲಿ ಸುಮಾರು 15 ಮೆಗಾವ್ಯಾಟ್-ಅವರ್ ಇರುವುದರಿಂದ ಮತ್ತೆ 15ರಿಂದ ಭಾಗಿಸಿ. ಬಂದ ಅಂಕಿಯನ್ನು ಆ ತಿಂಗಳ ಟಿಟಿಎಫ್ ದರದ (ಯುರೋಪಿನ ಅನಿಲಕ್ಕೆ ಮಾನದಂಡವಾದ ನೆದರ್ಲೆಂಡ್ಸ್ ಮಾರುಕಟ್ಟೆಯ ದರ) ಪಕ್ಕ ಇಟ್ಟರೆ, ಸರಕು ದೀರ್ಘಾವಧಿ ಒಪ್ಪಂದದ್ದೋ ಅಂದಂದಿನ ಮಾರುಕಟ್ಟೆಯದ್ದೋ ಎಂಬ ಸುಳಿವು ಸಿಗುತ್ತದೆ. 2022ರ ಆಗಸ್ಟ್ ಕೊನೆಯಲ್ಲಿ ಟಿಟಿಎಫ್ ಮೆಗಾವ್ಯಾಟ್-ಅವರ್‌ಗೆ 300 ಯೂರೋ ದಾಟಿದಾಗ ಈ ಅಂತರ ಕಣ್ಣಿಗೆ ಹೊಡೆಯುವಂತಿತ್ತು. ಅನಿಲದ ಆಮದಿನಲ್ಲಿ ಕೆಲವು ದೇಶಗಳು ಮೂಲ ದೇಶವನ್ನು ಗೋಪ್ಯವಾಗಿಡುತ್ತವೆ, ಆ ಮೊತ್ತ ‘ನಿರ್ದಿಷ್ಟಪಡಿಸದ ದೇಶ’ ಎಂಬ ಸಾಲಿಗೆ ಹೋಗಿ ಕೂರುತ್ತದೆ. ರಷ್ಯಾದ ಸಾಲನ್ನು ಮಾತ್ರ ಕೂಡಿಸಿ ಪಾಲು ಲೆಕ್ಕ ಹಾಕುವ ಮೊದಲು ಆ ಸಾಲಿನ ಗಾತ್ರ ನೋಡಿ.

ಸರಕು ಕೋಡ್‌ಗಳು ಪ್ರತಿ ಜನವರಿ 1ಕ್ಕೆ ಬದಲಾಗುತ್ತವೆ. ಒಂದು ಎಂಟಂಕಿ ಕೋಡ್ ಜನವರಿಗೆ ಸೊನ್ನೆಯಾದರೆ ವ್ಯಾಪಾರ ನಿಂತಿತೆಂದಲ್ಲ, ಕೋಡ್ ಒಡೆದು ಎರಡಾಗಿರಬಹುದು. ಆರಂಕಿಗೆ ಏರಿಸಿ ನೋಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರಾಟರ್‌ಡ್ಯಾಮ್ ಬಂದರಿನಲ್ಲಿ ಇಳಿದು ಜರ್ಮನಿಗೆ ಹೋಗುವ ಸರಕು ನೆದರ್ಲೆಂಡ್ಸ್ ಆಮದಾಗಿ ದಾಖಲಾಗುವುದರಿಂದ, ದೇಶವಾರು ಆಮದಿಗಿಂತ ಒಕ್ಕೂಟದ ಒಟ್ಟು ಆಮದೇ ಹೆಚ್ಚು ನಂಬಲರ್ಹ.

ನಿರ್ಬಂಧ ತಪ್ಪಿಸುವ ದಾರಿಗಳನ್ನು ಹುಡುಕುವವರು ಒಂದು ಹೆಜ್ಜೆ ಮುಂದೆ ಹೋಗಬೇಕು. 2022ರ ನಂತರ ಒಕ್ಕೂಟದಿಂದ ರಷ್ಯಾಕ್ಕೆ ರಫ್ತು ಕುಸಿಯಿತು, ಕಿರ್ಗಿಸ್ತಾನ, ಅರ್ಮೇನಿಯಾ, ಕಜಾಖ್‌ಸ್ತಾನಗಳಿಗೆ ಜಿಗಿಯಿತು. ಕಾಮೆಕ್ಸ್ಟ್‌ನಲ್ಲಿರುವುದು ರಫ್ತುದಾರ ಘೋಷಿಸಿದ ಕೊನೆಯ ಗೊತ್ತಿರುವ ಗಮ್ಯಸ್ಥಾನ. ಸರಕು ಅಲ್ಲಿಗೆ ತಲುಪಿತೇ ಎಂಬುದು ಅದಕ್ಕೆ ಗೊತ್ತಿಲ್ಲ. ಅದಕ್ಕಾಗಿ ಆ ದೇಶ ತಾನೇ ಪ್ರಕಟಿಸುವ ಆಮದಿನ ಅಂಕಿಯನ್ನು ಅದೇ ಆರಂಕಿ ಕೋಡ್‌ಗೆ, ಅದೇ ವರ್ಷಕ್ಕೆ ತೆಗೆದು ಎದುರುಬದುರು ಇಡಬೇಕು. ರಫ್ತಿನ ಮೌಲ್ಯದಲ್ಲಿ ಸಾಗಣೆ, ವಿಮೆ ಸೇರಿರುವುದಿಲ್ಲ, ಆಮದಿನ ಮೌಲ್ಯದಲ್ಲಿ ಸೇರಿರುತ್ತದೆ. ಹಾಗಾಗಿ ಎಲ್ಲ ಸರಿಯಿದ್ದರೆ ಆಮದಿನ ಅಂಕಿಯೇ ಸ್ವಲ್ಪ ದೊಡ್ಡದಿರಬೇಕು. ಒಂದೆರಡು ತಿಂಗಳ ಸಾಗಣೆಯ ಅಂತರಕ್ಕೂ ರಿಯಾಯಿತಿ ಕೊಡಿ, ಅದಕ್ಕೇ ವರ್ಷದ ಮೊತ್ತ ಹಿಡಿಯುವುದು ಮೇಲು. ಇಷ್ಟಾದ ಮೇಲೂ ರಫ್ತು ಆಮದಿನ ಎರಡರಷ್ಟಿದ್ದರೆ, ಆ ಕೋಡ್ ಒಕ್ಕೂಟದ ಉನ್ನತ ಆದ್ಯತೆಯ ಸಮರ ಸರಕುಗಳ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ತಿಂಗಳವಾರು ಅಂಕಿ ತೆಗೆದು, ಜಿಗಿತ ಶುರುವಾದದ್ದು ಯಾವ ನಿರ್ಬಂಧದ ಕಂತು ಜಾರಿಯಾದ ಮೇಲೆ ಎಂದು ಹೊಂದಿಸಿ ನೋಡಿ.